ಮುಕ್ಕಾಲು ನೆರಳು

ವಾಡಿಯಲ್ಲಿ ಬೆಳೆದವನಿಗೆ ನೆರಳಿನ ವಿಷಯದಲ್ಲಿ ಬುದ್ಧಿ ನೆಟ್ಟಗಿರುವುದಿಲ್ಲ. ನಾನು ಮಾಡಿದ ತಪ್ಪಿಗೆ ಜಾಮೀನಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ ಬಂತೆಂದರೆ ನಾವು ರಸ್ತೆಯಲ್ಲಿ ನಡೆಯುವುದಿಲ್ಲ. ಗೋಡೆಯಿಂದ ಗೋಡೆಗೆ, ಬೇವಿನಿಂದ ಬೇವಿಗೆ, ನಿಂತ ಲಾರಿಯಿಂದ ನಿಂತ ಲಾರಿಗೆ ಜಿಗಿಯುತ್ತೇವೆ. ಬಸ್ಸು ಹತ್ತುವ ಮೊದಲು ಸೂರ್ಯ ಯಾವ ಕಡೆ ಬರುತ್ತಾನೆಂದು ನೋಡಿ ಸೀಟು ಹಿಡಿಯುತ್ತೇವೆ. ಇಂಥ ಊರಿನ ಮನುಷ್ಯನನ್ನು ನೆರಳು ಕೊಂಡು ತಾ ಎಂದು ಹೈದರಾಬಾದಿಗೆ ಕಳಿಸಿದರೆ ಏನಾಗಬೇಕು?

ಕಳಿಸಿದವರು ನಮ್ಮ ಕಾಕು, ಅಪ್ಪನ ತಮ್ಮನ ಹೆಂಡತಿ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ಡಿಗ್ರಿ ಮುಗಿಸಿ, ಅರ್ಜಿ ಹಾಕುವುದನ್ನೇ ನೌಕರಿ ಮಾಡಿಕೊಂಡಿದ್ದೆ. ಉಳಿದ ವೇಳೆಯಲ್ಲಿ ಕಂಡವರ ದನಿ ತೆಗೆಯುತ್ತಿದ್ದೆ. ವಾಡಿ ಸ್ಟೇಷನ್ನಿನ ಅನೌನ್ಸರ್ ದನಿಯಲ್ಲಿ ಅವ್ವನಿಗೆ ಊಟ ಹತ್ತು ನಿಮಿಷ ತಡವಾಗಿ ಬರಲಿದೆಯೇ ಎಂದು ಕೇಳುತ್ತಿದ್ದೆ. ಅಪ್ಪನ ದನಿಯಲ್ಲಿ ಅಪ್ಪನಿಗೇ ಬೈದು ಒಮ್ಮೆ ಚಪ್ಪಲಿ ಏಟು ತಿಂದದ್ದೂ ಉಂಟು.

ಕಾಕಾ, ಕಾಕು ಇದ್ದದ್ದು ನಾಲವಾರದಲ್ಲಿ. ಕಾಕಾ ಸಾಲಿಯಲ್ಲಿ ಮಾಸ್ತರು, ಬೆಳಿಗ್ಗೆ ಸಂಜೆ ಹಣಮಪ್ಪನ ಗುಡಿಯಲ್ಲಿ ಪೂಜೆ. ಮಾವಿನಹಣ್ಣಿನ ರೇಟು ಕೇಳಿದರೂ ಮಂತ್ರ ಹೇಳಿದ ಹಾಗೆ ಕೇಳುವ ಮನುಷ್ಯ. ಊರ ಹೊರಗೆ ಬಾವಿಗೆ ಹೊಂದಿ ಅವರದೊಂದು ಹೊಲ. ಅದನ್ನು ಎಷ್ಟೋ ವರ್ಷದಿಂದ ಪಾಲಿಗೆ ಮಾಡಿ ತೊಗರಿ ಬಿತ್ತುತ್ತಿದ್ದವರು ಒಬ್ಬ ಹಿರಿಯರು. ನಾವೆಲ್ಲ ಅವರಿಗೆ ಮುತ್ಯಾ ಎನ್ನುತ್ತಿದ್ದೆವು.

ಆ ವರ್ಷ ಕಾಕು ಕೃಷಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆಂದು ನಡೆಸಿದ ತರಬೇತಿಗೆ ಹೋಗಿ, ಹಸಿರು ಜಾಳಿಗೆಯ, ಅಂದರೆ ನೆರಳಿನ ಬಲೆಯ ಕೆಳಗೆ ಮಾರ್ಚಿನ ಉರಿಬಿಸಿಲಲ್ಲಿ ಮೆಣಸಿನ ಸಸಿ ನಗುವುದನ್ನು ನೋಡಿ ಬಂದಿದ್ದರು. ಬಂದವರು ಚಹಾ ಸಹ ಕುಡಿಯದೆ ಶುರು ಮಾಡಿದರು.

"ಅರಿವಿ ಅದ ನೋಡ್ರಿ, ಬಿಸಲು ಸಾಣಸೋ ಅರಿವಿ! ಹಿಟ್ಟು ಸಾಣಿಸಿದಂಗ. ಉರಿ ಮ್ಯಾಲೇ ಉಳೀತದ, ಬೆಳಕು ಕೆಳಗ ಬೀಳ್ತದ. ನಂಗ ಆ ಹೊಲ ಕೊಡ್ರಿ, ಸಸಿ ಮಾಡಿ ಮಾರ್ತೀನಿ."

ಕಾಕಾ ಜನಿವಾರ ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಜೂನಿನಾಗ ಮಿರಗದ ಮಳಿ ಬೀಳೋತನಕ ಹೊಲ ನಿಂದು. ಅಷ್ಟರಾಗ ಯಾರರೆ ಬಂದು ಸಸಿ ಒಯ್ಯೋಹಂಗ ಆಗಲಿಲ್ಲ ಅಂದ್ರ ಮುತ್ಯಾ ತೊಗರಿ ಬಿತ್ತತಾರ. ಆಮ್ಯಾಲ ಈ ಮಾತು ಮನ್ಯಾಗ ತಗೀಬಾರದು."

"ತಗಿಯೂದಿಲ್ಲ. ಅಲ್ಲೀತನಕ ನೀವೂ ತೊಗರಿ ಅನಬ್ಯಾಡ್ರಿ."

ಹದಿನೆಂಟು ವರ್ಷ ಆ ಮನೆಯಲ್ಲಿ ಗಂಧ ತೇಯ್ದು, ಹೂ ಕಟ್ಟಿ, ಬಂದವರಿಗೆಲ್ಲ ಬಡಿಸಿದ ಕಾಕು ತಮಗೆಂದು ಕೇಳಿದ್ದು ಅದೊಂದೇ. ಅದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ನೋಡಿ.

ಊರಿಗೆ ಬರುತ್ತಿದ್ದ ಕೃಷಿ ಸಹಾಯಕರು ಒಂದು ಚೀಟಿ ಬರೆದುಕೊಟ್ಟರು: ಹಸಿರು ಜಾಳಿಗೆ, ಇಷ್ಟು ಉದ್ದ, ಇಷ್ಟು ಅಗಲ, ಐವತ್ತು ಪರ್ಸೆಂಟ್ ನೆರಳು. ಹೈದರಾಬಾದಿನ ಅಂಗಡಿಯವರು ನನ್ನ ಮುಂದೆ ಮೂರು ತುಂಡು ಹರವಿದರು. "ಪಚಾಸ್, ಪಚತ್ತರ್, ನಬ್ಬೇ. ಕ್ಯಾ ಹೋನಾ ಮಿಯಾ?"

ನಾನು ಅಂಗಡಿಯ ಮೆಟ್ಟಿಲಿಗೆ ಬಂದು ಒಂದೊಂದರ ಕೆಳಗೂ ಕೈ ಹಿಡಿದು ನೋಡಿದೆ. ಐವತ್ತರ ಕೆಳಗೆ ಕೈ ಇನ್ನೂ ಬೆಚ್ಚಗಿತ್ತು. ಐವತ್ತೆಂದರೆ ಅರ್ಧ ಬಿಸಿಲು ಒಳಗೆ ಬಂದ ಹಾಗಾಯಿತು, ನಮ್ಮ ಕಡೆಯ ಅರ್ಧ ಬಿಸಿಲಿನಲ್ಲಿ ರೊಟ್ಟಿ ಬೇಯುತ್ತದೆ! ಎಪ್ಪತ್ತೈದರ ಕೆಳಗೆ ಮಾತ್ರ ಕೈ ಬೇವಿನ ಕಟ್ಟೆಯ ಮೇಲೆ ಮಲಗಿದಷ್ಟು ತಂಪಾಯಿತು. ನನ್ನ ಕೈ ಮೆಣಸಿನ ಸಸಿಯಲ್ಲ ಎಂಬ ಸಣ್ಣ ಸಂಗತಿ ಹೊಳೆಯಲಿಲ್ಲ. "ಪಚತ್ತರ್" ಎಂದೆ, ನವಾಬನ ದನಿಯಲ್ಲಿ.

ನಾಲವಾರದಲ್ಲಿ ಸುರುಳಿ ಇಳಿಸಿ, "ಐವತ್ತು ಕೇಳಿದ್ರಿ, ಎಪ್ಪತ್ತೈದು ತಂದೀನಿ" ಎಂದಾಗ ಒಬ್ಬರಾದರೂ ಬೈದರೇ? ಇಲ್ಲ. ಕಾಕಾ ಹೊಗಳಿದರು. ಕಾಕು ದೃಷ್ಟಿ ತೆಗೆದರು. ಮುತ್ಯಾ, "ನೂರರದ್ದು ಇರಲಿಲ್ಲೇನು?" ಎಂದು ಕೇಳಿದರು. ನೆರಳು ಜಾಸ್ತಿಯಾಗಿ ಯಾರಾದರೂ ಕೆಟ್ಟದ್ದನ್ನು ನಮ್ಮ ಸೀಮೆ ಕಂಡೇ ಇರಲಿಲ್ಲ.

ನೆಲಕ್ಕೆ ಹಾಸುವ ಶಹಾಬಾದಿನ ಪರಸಿ ಕಲ್ಲಿನ ಉದ್ದನೆಯ ತುಂಡುಗಳನ್ನೇ ಕಂಬ ಮಾಡಿ ನೆಟ್ಟೆವು. ಕಂಬದಿಂದ ಕಂಬಕ್ಕೆ ತಂತಿ ಎಳೆದು ಜಾಳಿಗೆ ಬಿಗಿದೆವು. ಅಂಚು ಗಾಳಿಗೆ ಹಾರದಂತೆ ಒಡೆದ ಪರಸಿ ಚೂರು ಹೇರಿದೆವು. ಪ್ಲಾಸ್ಟಿಕ್ಕಿಗೆ ಮಡಿ ಇದೆಯೋ ಮೈಲಿಗೆ ಇದೆಯೋ ಯಾವ ಗ್ರಂಥದಲ್ಲೂ ಇಲ್ಲವೆಂದು ಕಾಕಾ ಸುಮ್ಮನೆ ಎರಡು ಉದ್ಧರಣೆ ನೀರು ಚಿಮುಕಿಸಿದರು. ಕೆಳಗೆ ಪಾತಿ ಮಾಡಿ ಬೀಜ ಬಿತ್ತಿದ್ದೇ ತಡ, ಊರೇ ಬಂದು ಜಾಳಿಗೆಯ ಕೆಳಗೆ, ಪಾತಿಗಳ ನಡುವಿನ ದಾರಿಯಲ್ಲಿ ಕುಳಿತಿತ್ತು. ಮಧ್ಯಾಹ್ನದ ಊಟದ ಗಂಟು ಅಲ್ಲಿಯೇ ಬಿಚ್ಚುತ್ತಿದ್ದರು. ಒಂದು ದಿನ ಮುತ್ಯಾ ಪಾತಿಯ ಪಕ್ಕದಲ್ಲಿ ಟವೆಲ್ ಹಾಸಿ ಅಂಗಾತ ಮಲಗಿ ಕಾಕುವಿಗೆ ಹೇಳಿದರು, "ಬಾಯಾರ, ಮೆಣಸಿನಕಾಯಿ ಬಿಡ್ರಿ. ಇದರ ಕೆಳಗ ನನ್ನೇ ಬಿತ್ತಿಬಿಡ್ರಿ."

"ನೀವು ಮೊಳತ್ರ ಯಾರು ಕೊಳ್ತಾರ, ಮುತ್ಯಾ?" ಎಂದರು ಕಾಕು.

ಬೀಜ ಮೊಳೆಯಿತು. ಅಬ್ಬಾ, ಆ ಬೆಳಿಗ್ಗೆ! ಹೊರಗೆ ಕಪ್ಪು ನೆಲ ಬಿರಿದು ಬಾಯಿ ತೆರೆದಿದ್ದರೆ ಒಳಗೆ ಸಾಲು ಸಾಲು ಹಸಿರು ಚುಕ್ಕಿ. ಅವು ಬೆಳೆದ ವೇಗವಂತೂ ಹುಚ್ಚು ಹಿಡಿಸುವಂಥದ್ದು. ನಾನು ದಿನಾ ಗೇಣು ಹಾಕಿ ಅಳೆದು ಸ್ಟೇಷನ್ ದನಿಯಲ್ಲಿ ಘೋಷಿಸುತ್ತಿದ್ದೆ. ಎತ್ತರ, ಇನ್ನೂ ಎತ್ತರ. ಕಾಕು ಕೈ ಚಪ್ಪಾಳೆ ತಟ್ಟುತ್ತಿದ್ದರು.

ಮೂರನೆಯ ವಾರ ಕೃಷಿ ಸಹಾಯಕರು ಬಂದು, ಒಂದು ಸಸಿ ಕಿತ್ತು ಅಂಗೈ ಮೇಲೆ ಇಟ್ಟುಕೊಂಡರು. ಅದು ಅಂಗೈ ದಾಟಿ ಎರಡೂ ಕಡೆ ಜೋತುಬಿತ್ತು.

"ಬಾಯಾರ, ಇದು ಸಸಿ ಅಲ್ರಿ. ಶ್ಯಾವಿಗಿ."

ಯಾರೂ ನಗಲಿಲ್ಲ. ಅವರು ತಲೆಯೆತ್ತಿ ಜಾಳಿಗೆ ನೋಡಿದರು. "ಇದು ಎಷ್ಟರದ್ದು? ನಾ ಬರದದ್ದು ಐವತ್ತು. ಸಸಿಗಿ ಬೆಳಕು ಸಾಲವಲ್ದು. ಬೆಳಕು ಹುಡುಕ್ಕೋತ ಮ್ಯಾಲ ಹೋಗ್ಯಾವ, ಮೈಯಾಗ ದಮ್ಮಿಲ್ಲ. ಹೊಲಕ್ಕ ಹಚ್ಚಿದ್ರ ಮೊದಲನೇ ಬಿಸಲಿಗೆ ಮಲಗ್ತಾವ."

ಕಾಕು ನನ್ನ ಕಡೆ ತಿರುಗಿದರು. ಕಷ್ಟ ಬಂದಾಗ ಬೇರೆಯವರ ದನಿಯೊಳಗೆ ಅಡಗುವುದು ನನ್ನ ಚಟ. ಕಾಕಾನ ದನಿ ತೆಗೆದು, ಮೂಗಿನಿಂದ, "ಎಲ್ಲಾ ಹರಿಚಿತ್ತ" ಎಂದೆ.

"ನಿನ್ನ ದನಿಲೇ ಹೇಳು" ಎಂದರು ಕಾಕು.

"ತಪ್ಪಾತು ಕಾಕು."

ಎಷ್ಟು ಸಣ್ಣ ದನಿ ಅದು! ಬಹಳ ದಿನ ಬಳಸದೆ ಇಟ್ಟದ್ದಕ್ಕೆ ತುಕ್ಕು ಹಿಡಿದಿತ್ತು.

ಹೊಸ ಜಾಳಿಗೆಗೆ ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ, ಆದರೆ ಉಪಾಯ ಇತ್ತು. ಬೆಳಿಗ್ಗೆ ಬಿಸಿಲು ಏರುವತನಕ, ಸಂಜೆ ಬಿಸಿಲು ಇಳಿದ ಮೇಲೆ ಜಾಳಿಗೆ ಸರಿಸಬೇಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು. ನೀರು ಕಡಿಮೆ ಮಾಡಬೇಕು, ಬುಡಕ್ಕೆ ಮಣ್ಣು ಏರಿಸಬೇಕು. ಸಸಿ ಬಿಸಿಲು ಕಲಿಯುತ್ತದೆ. ಇಷ್ಟು ಹೇಳಿ ಕೃಷಿ ಸಹಾಯಕರು ಹೋದರು. ಆದರೆ ನಾವು ಬಿಗಿದ ಗಂಟುಗಳು? ಮೊದಲ ದಿನ ಸ್ಟೂಲಿನ ಮೇಲೆ ನಿಂತು ಅಷ್ಟೂ ಗಂಟು ಬಿಚ್ಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಿಚ್ಚಿದ್ದನ್ನು ತಕ್ಷಣ ಮತ್ತೆ ಕಟ್ಟಿದೆ.

ಮರುದಿನ ಕಾಕು ಮನೆಯಿಂದ ಮಡಿ ಕೋಲು ಹಿಡಿದು ಬಂದರು. ನಮ್ಮಂಥ ಮನೆಗಳಲ್ಲಿ ಮಡಿ ಸೀರೆ ಯಾರ ಕೈಗೂ ತಾಗದ ಹಾಗೆ ಸೂರಿನ ಕೆಳಗಿನ ಗಳದ ಮೇಲೆ ಒಣಗುತ್ತದೆ. ಹೆಂಗಸರು ಕೆಳಗೆ ನಿಂತು ಕೋಲಿನ ತುದಿಯಿಂದಲೇ ಒಂಬತ್ತು ಮೊಳದ ಒದ್ದೆ ಸೀರೆಯನ್ನು ಏರಿಸಿ, ಹರವಿ, ಸುಕ್ಕು ಬಿಡಿಸಿ, ಒಣಗಿದ ಮೇಲೆ ಮಡಿಚಿ ಇಳಿಸುತ್ತಾರೆ. ನಾನು ಅದನ್ನು ಕಾಕುವಿನ ಹಾಗೆಯೇ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದವ.

"ಗಂಟು ಬ್ಯಾಡ. ತಂತಿಗಿ ಬಳಿ ಪೋಣಿಸು" ಎಂದರು.

ಕಬ್ಬಿಣದ ತಂತಿ ಬಗ್ಗಿಸಿ ಬಳೆ ಮಾಡಿದೆ. ಜಾಳಿಗೆಯ ಅಂಚು ಬಳೆಗೆ ಹೊಲಿದು ಪಟ್ಟಿ ಪಟ್ಟಿಯಾಗಿ ತೂಗುಹಾಕಿದೆವು. ಕಾಕು ಕೋಲು ಎತ್ತಿ, ಬಳೆಗೆ ಸಿಕ್ಕಿಸಿ, ಒಂದು ನೂಕು. ಝರ್ರನೆ ಇಡೀ ಪಟ್ಟಿ ಆ ಕಡೆಯ ಕಂಬಕ್ಕೆ ಹೋಗಿ ಮಡಿಕೆಯಾಗಿ ನಿಂತಿತು! ಪಾತಿಯ ಮೇಲೆ ಬೆಳಗಿನ ಬಿಸಿಲು ಸುರಿಯಿತು. ಮುತ್ಯಾ ಶಿಳ್ಳೆ ಹಾಕಿದರು. ನಾನು ಕೋಲು ಇಸಿದುಕೊಂಡು ನೂಕಿದರೆ ಬಳೆ ಅಡ್ಡ ಸಿಕ್ಕಿ, ಜಾಳಿಗೆ ನನ್ನ ತಲೆಯ ಮೇಲೆ ಬಂತು.

"ಆಡಿ ತೋರಸೋದು ಬ್ಯಾರೆ, ಮಾಡೋದು ಬ್ಯಾರೆ ನೋಡಪಾ" ಎಂದರು ಮುತ್ಯಾ.

ಅಲ್ಲಿಂದ ದಿನಾ ಪಂದ್ಯ. ಸೂರ್ಯ ಮೂಡಿದೊಡನೆ ಕಾಕು ಝರ್ರನೆ ತೆಗೆಯುವುದು, ಕಂಬದ ನೆರಳು ಗುರುತಿನ ಕಲ್ಲಿಗೆ ಬಂದೊಡನೆ ಮುತ್ಯಾ "ಮುಚ್ರೀ" ಎಂದು ಕೂಗುವುದು, ಮತ್ತೆ ಝರ್ರ್. ಗುರುತಿನ ಕಲ್ಲು ದಿನಕ್ಕಷ್ಟು ಮುಂದೆ ಹೋಯಿತು. ಸಸಿಗಳ ಬಣ್ಣ ಕಡು ಹಸಿರಾಯಿತು, ಕಾಂಡ ಗಟ್ಟಿಯಾಯಿತು, ಎಲೆ ಅಗಲವಾಯಿತು. ಗೇಣು ಹಾಕುವುದು ಬಿಟ್ಟು ನಾನು ಬುಡ ಮುಟ್ಟಿ ನೋಡುವುದು ಕಲಿತೆ.

ಮಳೆಗೆ ವಾರವಿದ್ದಾಗ ಕೊಳ್ಳುವವರೊಬ್ಬರು ಬಂದರು. ಚಂದ್ರಂಪಳ್ಳಿ ಕೆರೆಯ ನೀರಿನ ಕೆಳಗೆ ಮೆಣಸಿನಕಾಯಿ ಮಾಡುವವರು, ನಾಲವಾರದ ಮಠಕ್ಕೆ ಬಂದಿದ್ದರು. ಕರೆತಂದವರು ಯಾರು? ಮುತ್ಯಾ! ಸಸಿ ಹೋಗದಿದ್ದರೆ ಹೊಲ ಸಿಗುವುದು ಅವರಿಗೇ, ಆದರೂ ಕರೆತಂದಿದ್ದರು.

ಬಂದವರು ಜಾಳಿಗೆ ನೋಡಿ ಮೂಗು ಮುರಿದರು. "ಅಮ್ಮಾ, ನೆಳ್ಳಾಗ ಬೆಳದ ಪಿಲ್ಲಲು ಇವು, ಎಳೀ ಕೂಸು. ನಮ್ಮಲ್ಲಿ ನೀರದ, ನೆಳ್ಳಿಲ್ಲ. ನಾಳಿ ಇಡೀ ದಿವಸ ತೆಗದು ಇಡ್ರಿ. ಮುಂಜಾನಿ ಒಂದ್ಸಲ ನೀರು, ಮತ್ತ ಬ್ಯಾಡ. ಸಂಜಿಗಿ ನಿಂತ್ರ ಒಯ್ತೀನಿ."

"ಇಡ್ತೀನಿ" ಎಂದರು ಕಾಕು. ಕಾಕಾನ ಮುಖವನ್ನು ನೋಡಲೂ ಇಲ್ಲ.

ಮರುದಿನ ಮೋಡದ ಚೂರೂ ಇರಲಿಲ್ಲ. ನಾನು ಬಾವಿಕಟ್ಟೆಯ ಮೇಲೆ ಕುಳಿತು ರೇಡಿಯೋ ಕಾಮೆಂಟರಿ ಶುರು ಮಾಡಿದೆ: ಸೂರ್ಯ ಪೆವಿಲಿಯನ್ ಕಡೆಯಿಂದ ಓಡಿ ಬರುತ್ತಿದ್ದಾನೆ, ಸಸಿಗಳು ಕ್ರೀಸಿನಲ್ಲಿ ಗಟ್ಟಿಯಾಗಿ ನಿಂತಿವೆ... ಜನ ಸೇರಿದರು. ಹನ್ನೆರಡರವರೆಗೆ ಚೆನ್ನಾಗಿತ್ತು. ಆಮೇಲೆ ತುದಿ ಎಲೆ ಬಾಗಿದವು. ಒಂದು ಗಂಟೆಗೆ ಸಾಲಿಗೆ ಸಾಲೇ ತಲೆ ತಗ್ಗಿಸಿತು. ಎರಡಕ್ಕೆ ಎಲ್ಲ ಎಲೆಗಳೂ ಒಗೆದು ಹಿಂಡಿದ ಅರಿವೆಯಂತೆ ಜೋತುಬಿದ್ದವು. ನನ್ನ ಕಾಮೆಂಟರಿ ನಿಂತಿತು. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮುಚ್ಚಿಬಿಡು, ಅಷ್ಟರೆ ಉಳೀಲಿ" ಎಂದರು. ನಾನು ಓಡಿ ಬಳೆಗೆ ಕೈ ಹಾಕಿದೆ. ಕಾಕುವಿನ ಕೋಲು ಮಣಿಕಟ್ಟಿಗೆ ಬಿತ್ತು.

"ಬಿಡು. ಸತ್ತಿಲ್ಲ ಅವು. ದಣದಾವ."

ಕಾಂಡ ಬಾಗಿಲ್ಲ, ಎಲೆಯಷ್ಟೇ ಎಂದು ಅವರು ನೋಡಿಕೊಂಡಿದ್ದರು. ನಾವು ಯಾರೂ ನೋಡಿರಲಿಲ್ಲ.

ನಾಲ್ಕು ಗಂಟೆಗೂ ಹಾಗೆಯೇ. ಬಿಸಿಲು ಬಾವಿಯ ಆಚೆ ಇಳಿದಾಗ ಮುತ್ಯಾ ಮೊಣಕಾಲೂರಿ ಪಾತಿಗೆ ಬಗ್ಗಿದರು. "ಎದ್ದದ! ಬಾಯಾರ, ಒಂದು ಎದ್ದದ!" ಎಲ್ಲರೂ ಬಗ್ಗಿದೆವು. ಒಂದಲ್ಲ. ಅಲ್ಲೊಂದು, ಇಲ್ಲೆರಡು, ಆ ಮೂಲೆಯಲ್ಲಿ ಹಿಡಿಯಷ್ಟು. ಕಣ್ಣ ಮುಂದೆಯೇ ಎಲೆ ಎಲೆ ಮೇಲೇಳುತ್ತಿತ್ತು, ಸಾಲಿಯ ಮಕ್ಕಳು ಮಾಸ್ತರು ಬಂದಾಗ ಏಳುವ ಹಾಗೆ, ಮುಂದಿನ ಬೆಂಚು ಮೊದಲು, ಹಿಂದಿನವು ಗೊಣಗುತ್ತಾ. ಪರಸಿ ಕಂಬದ ಬುಡದ ಒಂದು ಸಾಲು ಮಾತ್ರ ಕಲ್ಲಿನ ಕಾವಿಗೆ ಸುಟ್ಟು ಹೋಗಿತ್ತು. ಉಳಿದದ್ದೆಲ್ಲ ನಿಂತಿತು. ನಾನು ಕೂಗಿದ ಕೂಗು ಯಾರ ದನಿಯದ್ದೋ ನನಗೇ ತಿಳಿಯಲಿಲ್ಲ.

ಚಂದ್ರಂಪಳ್ಳಿಯವರು ಒಂದನ್ನು ಕಿತ್ತು ಬೇರು ನೋಡಿದರು. "ಎಲ್ಲಾ ನಂದೇ" ಎಂದರು.

"ಎಲ್ಲಾ ಅಲ್ರಿ. ಎರಡು ಪಾತಿ ನನ್ನ ಹೊಲಕ್ಕ ಬೇಕು. ಉಳದದ್ದು ಒಯ್ರಿ."

ನನ್ನ ಹೊಲ ಎಂದರು! ಮುತ್ಯಾ ಕಾಕಾನ ಕಡೆ ನೋಡಿ, "ಹಂಗಾದ್ರ ತೊಗರಿ ಎಲ್ಲಿ ಬಿತ್ತಲ್ರಿ ಆಚಾರ್ರ?" ಎಂದರು. ಕಾಕಾ ಮಂತ್ರದ ರಾಗವಿಲ್ಲದೆ ಹೇಳಿದರು, "ಅಕಿಗೇ ಕೇಳ್ರಿ."

"ಬಾವಿ ಆ ಕಡಿ ಅರ್ಧ ನೀವು ಬಿತ್ರಿ, ಮುತ್ಯಾ. ಈ ಕಡಿ ನಂಗ ಬಿಡ್ರಿ."

ಮರುದಿನ ನಸುಕಿನಲ್ಲೇ ಸಸಿ ಕಿತ್ತು, ಕಟ್ಟು ಕಟ್ಟಿ, ಹಸಿ ಗೋಣಿಯಲ್ಲಿ ಸುತ್ತಿ ಟೆಂಪೊಗೆ ಹಾಕಿದೆವು. ಗಾಡಿ ಹೊರಡುವಾಗ ಕಾಕು ಏಕಾಏಕಿ ಡ್ರೈವರ್ ಪಕ್ಕ ಹತ್ತಿ ಕುಳಿತರು. "ಹೆಂಗ ಹಚ್ತಾರ ನೋಡಿ ಬರ್ತೀನಿ. ನೀ ಹಿಂದ ಕೂಡು, ಗೋಣಿ ಆರಗೊಡಬ್ಯಾಡ." ಚಿತ್ತಾಪುರ, ಕಾಳಗಿ ದಾಟುವವರೆಗೂ ನಾನು ಕೊಡದಿಂದ ನೀರು ಚಿಮುಕಿಸುತ್ತಾ ಸಸಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ಮುಂದಿನಿಂದ ಕಾಕು ಡ್ರೈವರನಿಗೆ ರಸ್ತೆಯ ಕುಣಿಯಲ್ಲಿ ನಿಧಾನ ಹೋಗೆಂದು ಬೈಯುವುದು ಕೇಳುತ್ತಿತ್ತು.

ಚಂದ್ರಂಪಳ್ಳಿಯವರ ಹೊಲದಲ್ಲಿ ಕಾಲುವೆಯ ನೀರು ಸಾಲುಗಳಿಗೆ ಆಗಲೇ ಬಂದಿತ್ತು, ಆ ತುದಿಯವರೆಗೆ ಒಂದು ಮರವಿರಲಿಲ್ಲ. ಕಾಕು ಚಪ್ಪಲಿ ಬದುವಿನ ಮೇಲೆ ಬಿಟ್ಟು ಸೆರಗು ಸಿಕ್ಕಿಸಿದರು. ಮೊದಲ ಸಸಿ ತಾವೇ ಊರಿ, ಬುಡಕ್ಕೆ ಹೆಬ್ಬೆರಳಿನಿಂದ ಒತ್ತಿ, ಅದು ನಿಂತದ್ದನ್ನು ನೋಡಿ, ಎರಡನೆಯದಕ್ಕೆ ಕೈ ಚಾಚಿದರು.