ಇಂಟರ್‌ವಲ್ಲಿನಲ್ಲಿ ರಿಹಾನ

ಸಿನಿಮಾ ಸೆಟ್ಟುಗಳಲ್ಲಿ ಲೈಟ್‌ಮ್ಯಾನ್ ಆಗಿದ್ದ ಫಿರೋಜನಿಗೆ ತಮ್ಮ ರಿಹಾನನ ಬದುಕನ್ನು ಚಿತ್ರಕಥೆಯಾಗಿಸುವ ಆಸೆ. ರಿಹಾನ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡಿದ್ದ. ಬರೆಯುವ ಮೊದಲು ಕಥೆಯ ಹಂದರ ಕಟ್ಟಿಕೊಳ್ಳಬೇಕೆಂದು ಫಿರೋಜ ಸಯನ್ನಿನ ಚಾಳಿನಲ್ಲಿದ್ದ ಮನೆಯ ಗೋಡೆಗೆ ದೃಶ್ಯಕ್ಕೊಂದು ಚೀಟಿ ಅಂಟಿಸಿದ. ತಮ್ಮ ಬೀಳುವ ಚೀಟಿ ಇಂಟರ್‌ವಲ್ಲಿಗೆ ಬಂತು. ಅದರ ಮುಂದಿನದು ಮನೆಗೆ ಫೋನ್ ಬರುವ ದೃಶ್ಯ.

ಓದಲು ಬಾರದ ತಾಯಿ ಅಕ್ಬರಬಿಗೆ ಒಂದೊಂದನ್ನೂ ಓದಿ ಹೇಳಿದ.

"ಅಲ್ಲಿ ಬ್ಯಾಡೋ," ಎಂದಳು ಆಕೆ.

"ಇಂಟರ್‌ವಲ್‌ಗೆ ಜನ ಬೆಚ್ಚಿ ಬೀಳಬೇಕಮ್ಮಾ. ಅದರ ಲೆಕ್ಕಾನ ಹಂಗೈತಿ."

"ಜನ ಎದ್ದು ಚಾ ಕುಡ್ಯಾಕ ಹೋಗ್ತಾರ. ಅವರು ವಾಪಸ್ ಬರೂತನಕ ನನ್ನ ಮಗ ಹಳಿ ಮ್ಯಾಲ ಒಬ್ಬನ ಬಿದ್ದಿರಬೇಕೇನು?"

ಫಿರೋಜ ಆ ಚೀಟಿ ಕಿತ್ತ. ಆದರೆ ಎಲ್ಲಿ ಅಂಟಿಸಿದರೂ, ಬಿದ್ದದ್ದಕ್ಕೂ ಫೋನ್ ಬಂದದ್ದಕ್ಕೂ ನಡುವೆ ಏನಾಯಿತೆಂಬ ಚೀಟಿಯೇ ಅವನಲ್ಲಿರಲಿಲ್ಲ.

"ಆವತ್ತ ಅವನ ಬಾಜೂಕ ಯಾರರ ಇದ್ರೇನಪಾ?" ಎಂದಳು ತಾಯಿ.

ಫಿರೋಜನಿಗೆ ಅದು ಎಂದೂ ತಿಳಿದಿರಲಿಲ್ಲ. ಹೊಸ ಚೀಟಿಯಲ್ಲಿ ಒಂದು ಸಾಲು ಬರೆದು, ತಾಯಿಯ ಮುಖ ನೋಡದೆ ಓದಿದ: ಯಾರೋ ಒಬ್ಬ ಹಳಿಗಿಳಿದು ಬಂದು ರಿಹಾನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸುತ್ತಾನೆ.

ಅಕ್ಬರಬಿ ಆ ಚೀಟಿಯ ಸಾಲಿನ ಮೇಲೆ ಬೆರಳಾಡಿಸಿದಳು.

"ಅವನ ಹೆಸರೇನಂತ?" ಎಂದು ಕೇಳಿದಳು.