ಅಂಗಳದಲ್ಲಿ ಬೆಳ್ಳಗಾದ ಪಾಚಿ

ದಾವೆಗೆ ಸಹಿ ಹಾಕಿದ ದಿನವೇ ಡಿಂಪ್ನಾ ರಫರ್ಟಿ ಕಡಲಿನ ಪಾಚಿ ತಿನ್ನುವುದನ್ನು ಬಿಟ್ಟಳು. ಆಚೆ ದಡದ ಇಂಗ್ಲೆಂಡಿನ ಅಣುಸ್ಥಾವರ ಐರ್ಲೆಂಡಿನ ನೀರನ್ನು ಕೆಡಿಸುತ್ತಿದೆ ಎಂದು ನ್ಯಾಯಾಲಯದಲ್ಲಿ ಹೇಳುವವಳು, ಅದೇ ನೀರಿನ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಕುಡಿಯುವುದು ಹೇಗೆ? ಅದಾಗಿ ಹನ್ನೊಂದು ವರ್ಷ. ಈ ನಡುವೆ ಗಂಡ ಮ್ಯಾಲಕಿ ತೀರಿಕೊಂಡ. ಕೊನೆಯ ಚಳಿಗಾಲದಲ್ಲಿ ಎದೆ ಕಟ್ಟಿಕೊಂಡು ಮಲಗಿದ್ದಾಗ ಅವನು ಕೇಳಿದ್ದು ಊರಲ್ಲಿ ಕೆಮ್ಮಿಗೆ ಕೊಡುವ ಆ ಪಾಚಿಯ ಹಾಲೊಂದನ್ನೇ.

"ಒಂದ್ ಬಟ್ಲು ಮಾಡ್ಕೊಡೇ. ಜಡ್ಜ್ ಬಂದು ಅಡುಗೆಮನೆ ನೋಡ್ತಾನಾ?"

ಅವಳು ಜೇನು ಹಾಕಿದ ಬಿಸಿನೀರು ಕೊಟ್ಟಿದ್ದಳು.

ಕುಂಟುತ್ತಿದ್ದ ದಾವೆಗೆ ಕೊನೆಗೂ ಡಬ್ಲಿನ್ನಿನ ಸರ್ಕಾರ ಆಸರೆಯಾಯಿತು. ನೀರು, ಮೀನು, ಪಾಚಿಗಳ ಪರೀಕ್ಷೆಯನ್ನು ತಾನೇ ಮಾಡಿಸುವುದಾಗಿ ಒಪ್ಪಿ, ಓರ್ಲಾ ಎಂಬ ವಿಜ್ಞಾನಿಯನ್ನು ಡಿಂಪ್ನಾಳ ಊರು ಗೈಲ್ಸ್ ಕ್ವೇಗೆ ಕಳಿಸಿತು. ಒಳ್ಳೆಯ ಪಾಚಿ ಯಾವ ಬಂಡೆಯಲ್ಲಿದೆ ಎಂಬುದು ಡಿಂಪ್ನಾಳಿಗೆ ಮಾತ್ರ ಗೊತ್ತು. ಆ ಬಂಡೆ ನೀರಿನಿಂದ ಮೇಲೇಳುವುದು ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಮಾತ್ರ. ಪಾಚಿ ತುಂಬಿಡಲೆಂದು ಓರ್ಲಾ ನಂಬರು ಬರೆದ ಚೀಲಗಳನ್ನು ಅವಳಿಗೇ ಕೊಟ್ಟು ಹೋದಳು.

ಪಕ್ಕದ ಮನೆಯ ಮುದುಕ ಪ್ಯಾಕಿ ನಕ್ಕ. "ನಮ್ಮಜ್ಜನ ಕಾಲದಿಂದ ಸರ್ಕಾರ ಈ ಊರಿಗೆ ಏನೂ ಕೊಟ್ಟಿರ್ಲಿಲ್ಲ. ಈಗ ಪ್ಲಾಸ್ಟಿಕ್ ಚೀಲ ಕೊಟ್ಟಿದೆ. ಜೋಪಾನ ಕಣೇ!"

ಅಮಾವಾಸ್ಯೆಯ ಬೆಳಗ್ಗೆ ಡಿಂಪ್ನಾ ಮೊಣಕಾಲುದ್ದ ನೀರಿಗಿಳಿದಳು. ಬಂಡೆಯಂಚಿನಲ್ಲಿ ನೇರಳೆ ಪಾಚಿ ದಟ್ಟವಾಗಿತ್ತು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಪಕ್ಕದಲ್ಲೇ ಮ್ಯಾಲಕಿ ಬುಟ್ಟಿ ಹಿಡಿದು ನಿಂತಿದ್ದಾನೆ ಎನ್ನಿಸಿ, ಅವಳು ಬಹಳ ಹೊತ್ತು ತಲೆಯೆತ್ತಲೇ ಇಲ್ಲ.

ಮಧ್ಯಾಹ್ನ ಓರ್ಲಾ ಬಂದಳು. "ಚೀಲ ಎಲ್ಲಿ, ರಫರ್ಟಿಯವರೇ?"

ಡಿಂಪ್ನಾ ಹೆಮ್ಮೆಯಿಂದ ಅಂಗಳ ತೋರಿಸಿದಳು. ಹುಲ್ಲಿನ ಮೇಲೆ ಪಾಚಿ ಒಂದೇ ಸಮ ಹರಡಿತ್ತು.

"ತೊಳೆದ್ರಾ?"

"ತೊಳೀದೆ ಯಾರಾದ್ರೂ ಬಿಸಿಲಿಗೆ ಹಾಕ್ತಾರೇನಮ್ಮಾ? ಬಾವಿ ನೀರಲ್ಲಿ ಮೂರು ಸಲ..." ಎನ್ನುತ್ತಿದ್ದಂತೆ ಅವಳ ಕೈ ಬಾಯಿಗೆ ಹೋಯಿತು. ಚೀಲಗಳು ಕಿಟಕಿಯ ಮೇಲೆ ಮಡಿಸಿಟ್ಟಲ್ಲೇ ಇದ್ದವು.

ಓರ್ಲಾ ಮೆಟ್ಟಿಲ ಮೇಲೆ ಕುಸಿದು ಕೂತಳು. "ಇದು ಕೋರ್ಟಿಗೆ ನಡೆಯಲ್ಲ. ಕಡಲಲ್ಲಿ ಹೇಗಿತ್ತೋ ಹಾಗೇ ಬೇಕಿತ್ತು. ಇನ್ನು ಹುಣ್ಣಿಮೆಗೇ."

"ನನ್ನ ಕೈಗೆ ಬುದ್ಧಿ ಇಲ್ಲ ಕಣಮ್ಮಾ. ಈಗ ಇದನ್ನೇನ್ ಮಾಡ್ಲಿ?"

"ನಿಮ್ಮದೇ. ಇಟ್ಕೊಳ್ಳಿ."

"ತಿನ್ನಬಹುದಾ?"

ಓರ್ಲಾ ಎದ್ದು ಕಿಟಕಿಯ ಮೇಲಿನ ಚೀಲಗಳನ್ನು ತೋರಿಸಿದಳು. "ಅದು ಗೊತ್ತಾಗ್ಲಿ ಅಂತಾನೇ ಅಲ್ವಾ ಈ ಚೀಲ?"

ಎರಡು ವಾರ ಪಾಚಿ ಇಬ್ಬನಿಯಲ್ಲಿ ನೆನೆಯಿತು, ಬಿಸಿಲಲ್ಲಿ ಒಣಗಿತು. ನೇರಳೆ ಕೆಂಪಾಯಿತು, ಕೆಂಪು ಕೆನೆಯ ಬಣ್ಣಕ್ಕೆ ತಿರುಗಿತು. ಬಾಗಿಲು ತೆರೆದಾಗಲೆಲ್ಲ ಅದರ ವಾಸನೆ ಮನೆಯೊಳಗೆ ಬರುತ್ತಿತ್ತು. ಡಿಂಪ್ನಾ ಬಾಗಿಲನ್ನು ತೆರೆದೇ ಇಡತೊಡಗಿದಳು.

ಹುಣ್ಣಿಮೆಯ ಇಳಿತದಲ್ಲಿ ಮತ್ತೆ ಕಿತ್ತು ತಂದಳು. ಈ ಸಲ ಉಪ್ಪು, ಮರಳು, ಪುಟ್ಟ ಬಸವನಹುಳುಗಳ ಸಮೇತ ಚೀಲ ಕಟ್ಟಿ ಓರ್ಲಾಳ ಕೈಗೆ ಕೊಟ್ಟಳು. ವರದಿಗೆ ವರ್ಷವಾದರೂ ಆಗಬಹುದು ಎಂದು ಹೇಳಿ ಓರ್ಲಾ ಹೊರಟಳು.

ಆ ಸಂಜೆ ಡಿಂಪ್ನಾ ಅಂಗಳದ ಪಾಚಿಯನ್ನು ಆಯ್ದು ಡಬ್ಬಕ್ಕೆ ತುಂಬಿದಳು. ಹಾಲು ಕಾಯಿಸಿ, ಬರಿಯ ಹಾಲನ್ನೇ ಕುಡಿದಳು. ಮ್ಯಾಲಕಿಯ ಬಟ್ಟಲನ್ನು ತೊಳೆದು, ಒರೆಸಿ, ಡಬ್ಬದ ಪಕ್ಕದಲ್ಲಿಟ್ಟಳು.