ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೆಸರು

ಶಹಾಬಾದಿನ ನಮ್ಮ ಓಣಿಯ ಶಾಲೆಯ ಮುಂದೆ ಒಂದು ಕಲ್ಲಿದೆ. ಕಾರ್ಗಿಲ್ ಯುದ್ಧದಲ್ಲಿ ಸತ್ತ ಹುಡುಗನ ಹೆಸರನ್ನು ಅದರ ಮೇಲೆ ಕೊರೆದವನು ನಾನೇ. ಯುದ್ಧ ಗೆದ್ದು ಮುಗಿದ ದಿನವೆಂದು ಪ್ರತಿ ಜುಲೈಯಲ್ಲಿ ಅಲ್ಲಿ ಹಾರ ಹಾಕುತ್ತಾರೆ, ಮಕ್ಕಳು ‘ಅಮರ್ ರಹೇ’ ಎಂದು ಕೂಗುತ್ತಾರೆ. ಅದಕ್ಕೂ ಮೊದಲು ಅವನ ತಾಯಿ ಬಂದು, ಹಿತ್ತಾಳೆ ಕೊಡ ಬೆಳಗುವಂತೆ ಹುಣಸೆಹಣ್ಣು ಹಚ್ಚಿ ಕಲ್ಲನ್ನು ತಿಕ್ಕುತ್ತಾಳೆ.

ಹುಣಸೆಯ ಹುಳಿ ನಮ್ಮೂರಿನ ಸುಣ್ಣಕಲ್ಲನ್ನು ತಿನ್ನುತ್ತದೆ. ಕಲ್ಲಿನಲ್ಲೇ ಬದುಕಿದ ನನಗೆ ಇದು ಮೊದಲ ವರ್ಷವೇ ಗೊತ್ತಿತ್ತು. ಮುಂದಿನ ಸಲ ಹೇಳಿದರಾಯಿತು ಎನ್ನುತ್ತಲೇ ಉಳಿದೆ. ಈಗ ಅಕ್ಷರಗಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತವೆ. ಮತ್ತೆ ಕೊರೆಯೋಣವೆಂದರೆ ವಯಸ್ಸಾದ ನನ್ನ ಕೈಯಲ್ಲಿ ಉಳಿ ನಿಲ್ಲುವುದಿಲ್ಲ.

ಈ ವರ್ಷ ಹೇಳಲೇಬೇಕೆಂದು ಬೇಗ ಹೋದೆ. “ಯಕ್ಕಾ, ಕಲ್ಲಿಗಿ ಹುಣಸಿಹಣ್ಣು ಹಚ್ಚಬ್ಯಾಡ್ರಿ” ಎಂದೆ.

“ಹುಣಸಿ ನಮ್ಮ ಮನೀದು. ನಿನ್ನ ಗಂಟೇನು ಹೋತು?” ಎಂದು ನಕ್ಕಳು. ಆಮೇಲೆ ಅಕ್ಷರಗಳ ಮೇಲೆ ಬೆರಳಾಡಿಸುತ್ತ, “ಸಣ್ಣಾಂವ ಇದ್ದಾಗ ಮಾರಿ ತೊಳೀಲಾಕ ಬಿಡ್ತಿರಲಿಲ್ಲ, ಭಾಳ ಒದರ್ತಿದ್ದ. ಈಗ ನೋಡು, ಸುಮ್ನ ಕುಂತಾನ. ನೀರು ಹಾಕಪ್ಪ” ಎಂದಳು.

ತಂಬಿಗೆ ಎತ್ತಿ ನೀರು ಹಾಕಿದೆ.